ಚೀಲದ ಮೇಲಿನ ಹೆಸರೋ, ಚೀಲದೊಳಗಿನ ಸತ್ತ್ವವೋ?



ಸಂತೆಯ ದಿನ ಕಿರಾಣಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ಗಮನಿಸಿರಿ. ಬಂದವರಲ್ಲಿ ಹೆಚ್ಚಿನವರು "ಸಾಬೂನು ಕೊಡಿ", "ಚಹಾಪುಡಿ ಕೊಡಿ" ಎಂದು ಕೇಳುವುದಿಲ್ಲ. ಸಾಬೂನಿನ ಹೆಸರನ್ನೇ ಹೇಳಿ ಕೇಳುತ್ತಾರೆ, ಚಹಾಪುಡಿಯ ಮಾರ್ಕನ್ನೇ ಹೇಳಿ ಕೇಳುತ್ತಾರೆ. ಆ ಮಾರ್ಕು ಇಲ್ಲವೆಂದರೆ ಕೆಲವರು ಚೀಲ ಹೆಗಲಿಗೇರಿಸಿ ಮುಂದಿನ ಅಂಗಡಿಗೆ ನಡೆಯುತ್ತಾರೆ. ನಾನೂ ಅಂಥವನೇ. ನಮ್ಮ ತಾಯಿ ಬಳಸುತ್ತಿದ್ದ ಹಲ್ಲುಪುಡಿಯನ್ನೇ ಇಂದಿಗೂ ತರುತ್ತೇನೆ. ಏಕೆ ಎಂದು ಕೇಳಿದರೆ, ರೂಢಿ ಎನ್ನುವುದನ್ನು ಬಿಟ್ಟು ನನ್ನಲ್ಲಿ ಬೇರೆ ಉತ್ತರವಿಲ್ಲ.

ಈ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಓದು ಬಾರದ ಕಾಲದಲ್ಲಿ ನಮ್ಮ ಹಿರಿಯರಿಗೆ ಪೊಟ್ಟಣದ ಮೇಲಿನ ಹುಲಿ, ಕುದುರೆ, ಗಡಿಯಾರದ ಚಿತ್ರಗಳೇ ಅಕ್ಷರಗಳಾಗಿದ್ದವು. ಒಮ್ಮೆ ಒಳ್ಳೆಯದೆಂದು ಕಂಡ ಮಾಲನ್ನು ಮತ್ತೆ ಗುರುತಿಸಲು ಮಾರ್ಕು ನೆರವಾಗುತ್ತಿತ್ತು. 1916ರಲ್ಲಿ ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಆರಂಭವಾಯಿತು. ಆ ಎಣ್ಣೆಯ ಬಲದಿಂದ ಹುಟ್ಟಿದ ಮೈಸೂರು ಸ್ಯಾಂಡಲ್ ಸಾಬೂನನ್ನು ಇಂದಿಗೂ ಹೆಸರು ಹಿಡಿದು ಕೇಳುವ ಮನೆಗಳಿವೆ. ವನಸ್ಪತಿಗೆ ಡಾಲ್ಡಾ ಎಂದೇ ನಾವು ಹೆಸರಿಟ್ಟುಬಿಟ್ಟೆವು. ಹೀಗೆ ಹೆಸರು ಗಳಿಸುವುದು ಸುಲಭದ ಮಾತಲ್ಲ.

ಸ್ನಾನದ ಸಾಬೂನಿನಲ್ಲಿ ಮೋಸ ಹೋದರೆ ನಷ್ಟ ಕೆಲವು ರೂಪಾಯಿಗಳು. ಆದರೆ ಇದೇ ಅಭ್ಯಾಸವನ್ನು ನಾವು ಗೊಬ್ಬರದಂಗಡಿಗೂ ಕೊಂಡೊಯ್ಯುತ್ತೇವೆ. ಅಲ್ಲಿ ಪಣಕ್ಕಿರುವುದು ಒಂದು ವರ್ಷದ ಬೆಳೆ. ಕೆಲವು ಸಲ ಮನೆಯವರ ಜೀವ. ಆದುದರಿಂದ ಈ ವಾರ ಈ ಮಾತನ್ನು ಕೊಂಚ ವಿವರವಾಗಿ ಹೇಳಬೇಕೆನಿಸಿತು.

ಎಂಟು ದಿನ ಕಾದ ರಾಗಿ

2019ರ ಮುಂಗಾರಿನಲ್ಲಿ ನಡೆದ ಸಂಗತಿ. ನಮ್ಮ ಹೋಬಳಿಯ ಒಬ್ಬ ಯಜಮಾನರು ಎರಡು ಎಕರೆಗೆ ರಾಗಿ ಹಾಕಿದ್ದರು. ಪೈರಿಗೆ ತಿಂಗಳು ತುಂಬಿತ್ತು. ಕಳೆ ತೆಗೆಸಿ, ಹದ ಮಳೆಯೂ ಬಿದ್ದು, ಮೇಲುಗೊಬ್ಬರ ಕೊಡಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಊರಿನ ಸೊಸೈಟಿಯಲ್ಲಿ ಯೂರಿಯಾ ಚೀಲಗಳು ಇದ್ದವು. ಯಜಮಾನರು ನೋಡಿ ಹಿಂದಿರುಗಿದರು.

"ಯಾಕಣ್ಣಾ, ತಗೊಳ್ಳಲಿಲ್ಲವೆ?" ಎಂದು ಕೇಳಿದೆ.

"ಅದು ಬ್ಯಾಡ ಸಾರ್. ನಮ್ಮಪ್ಪನ ಕಾಲದಿಂದ್ಲೂ ಬ್ಯಾರೆ ಕಂಪ್ನಿದೇ ಹಾಕ್ತಿರೋದು. ಈ ಗೊಬ್ಬರ ನಮ್ ಹೊಲಕ್ಕೆ ಒಗ್ಗಕಿಲ್ಲ" ಎಂದರು.

ಅವರ ಕಂಪನಿಯ ಚೀಲ ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಮಳೆ ಹೋಯಿತು, ಹೊಲದ ತೇವ ಆರಿತು. ಒಣ ನೆಲದ ಮೇಲೆ ಎರಚಿದ ಯೂರಿಯಾದ ಸಾರಜನಕದಲ್ಲಿ ಒಂದು ಪಾಲು ಗಾಳಿಗೆ ಹೋಯಿತು. ಪಕ್ಕದ ಹೊಲದವರು ಸೊಸೈಟಿಯ ಚೀಲವನ್ನೇ ತಂದು ಹದವರಿತು ಹಾಕಿದ್ದರು. ಸುಗ್ಗಿಯಲ್ಲಿ ಎರಡು ಹೊಲಗಳ ತೆನೆಯನ್ನು ನೋಡಿದ ಯಾರಿಗೂ ನಾನು ವಿವರಿಸಬೇಕಾಗಲಿಲ್ಲ.

ಯಾವ ಕಂಪನಿಯ ಯೂರಿಯಾ ಆದರೂ ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕವಿರಬೇಕೆಂದು ಕಾನೂನೇ ಇದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪ್ರತಿ ಚೀಲದ ಮೇಲೂ ಪೋಷಕಾಂಶಗಳ ಪ್ರಮಾಣವನ್ನು ಮುದ್ರಿಸಬೇಕು. ರಾಗಿಯ ಬೇರಿಗೆ ಚೀಲದ ಬಣ್ಣ ಕಾಣುವುದಿಲ್ಲ. ಅದಕ್ಕೆ ಬೇಕಾದುದು ಸಾರಜನಕ, ಅದೂ ಸಕಾಲದಲ್ಲಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ "ಒಂದು ದೇಶ, ಒಂದು ರಸಗೊಬ್ಬರ" ಎಂಬ ಯೋಜನೆಯನ್ನು ತಂದು, ಸಹಾಯಧನದ ಯೂರಿಯಾ, ಡಿಎಪಿ, ಪೊಟ್ಯಾಷ್ ಮತ್ತು ಸಂಯುಕ್ತ ಗೊಬ್ಬರಗಳಿಗೆಲ್ಲ "ಭಾರತ್" ಎಂಬ ಒಂದೇ ಹೆಸರನ್ನು ಕೊಟ್ಟಿತು. ಕಂಪನಿಯ ಹೆಸರು ಚೀಲದ ಒಂದು ಭಾಗಕ್ಕೆ ಸರಿಯಿತು. ಆದರೂ ಆ ಭಾಗವನ್ನು ಹುಡುಕಿ "ನಮ್ಮದು ಇದಲ್ಲ" ಎನ್ನುವವರನ್ನು ನಾನು ಈಗಲೂ ಕಾಣುತ್ತೇನೆ.

ಕಾಳಿನ ಬಣ್ಣದ ಮಾತೂ ಹೀಗೆಯೇ. ಡಿಎಪಿ ಕಾಳು ಕಪ್ಪಾಗಿದ್ದರೆ ಒಳ್ಳೆಯದೆಂದು ಕೆಲವರು, ಬೆಳ್ಳಗಿದ್ದರೆ ಒಳ್ಳೆಯದೆಂದು ಕೆಲವರು ವಾದಿಸುತ್ತಾರೆ. ಬಣ್ಣ ಬರುವುದು ಕಾರ್ಖಾನೆ ಬಳಸುವ ಕಚ್ಚಾವಸ್ತುವಿನಿಂದ. ಬೆಳೆಗೆ ಸಿಗುವುದು ಚೀಲದ ಮೇಲೆ ಬರೆದಿರುವ 18 ಮತ್ತು 46.

ಲೆಕ್ಕ ಹಾಕಿ ಕೊಳ್ಳಿರಿ

ಚೀಲದ ಮೇಲಿನ ಅಂಕಿಗಳನ್ನು ಓದುವುದು ಕಷ್ಟವಲ್ಲ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಒಂದೊಂದೂ ನೂರು ಕಿಲೋಗೆ ಎಷ್ಟು ಕಿಲೋ ಎಂಬ ಲೆಕ್ಕ. 50 ಕಿಲೋ ಚೀಲವಾದರೆ ಅಂಕಿಯ ಅರ್ಧ ಮಾಡಿಕೊಳ್ಳಿರಿ. ಯೂರಿಯಾ ಈಗ 45 ಕಿಲೋ ಚೀಲದಲ್ಲಿ ಬರುತ್ತದೆ. ಅದರಲ್ಲಿ 20 ಕಿಲೋ 700 ಗ್ರಾಂ ಸಾರಜನಕವಿರುತ್ತದೆ.

ಒಂದು ಉದಾಹರಣೆ ನೋಡೋಣ. ನಿಮ್ಮ ಹೊಲಕ್ಕೆ 23 ಕಿಲೋ ರಂಜಕ ಬೇಕೆಂದು ಮಣ್ಣು ಪರೀಕ್ಷೆಯ ಚೀಟಿ ಹೇಳಿದೆ ಎಂದುಕೊಳ್ಳಿ. 50 ಕಿಲೋ ತೂಕದ ಒಂದು ಚೀಲ ಡಿಎಪಿಯಲ್ಲಿ ಸರಿಯಾಗಿ 23 ಕಿಲೋ ರಂಜಕವಿದೆ, ಜೊತೆಗೆ 9 ಕಿಲೋ ಸಾರಜನಕ. 17:17:17 ತೆಗೆದುಕೊಂಡರೆ ಒಂದು ಚೀಲದಲ್ಲಿ ಸಿಗುವುದು ಎಂಟೂವರೆ ಕಿಲೋ ಮಾತ್ರ. ಸುಮಾರು ಮೂರು ಚೀಲ ಬೇಕು, ಆದರೆ ಪೊಟ್ಯಾಷ್ ಕೂಡ ಬಂದಿರುತ್ತದೆ. ಸೂಪರ್ ಫಾಸ್ಫೇಟ್ ಆದರೆ ಚೀಲಕ್ಕೆ 8 ಕಿಲೋ ರಂಜಕ; ಇಲ್ಲಿಯೂ ಸುಮಾರು ಮೂರು ಚೀಲ. ಆದರೆ ಪ್ರತಿ ಚೀಲದಲ್ಲಿ ಐದೂವರೆ ಕಿಲೋ ಗಂಧಕವೂ ಇದೆ, ಸುಣ್ಣವೂ ಇದೆ. ಕಡಲೆಕಾಯಿ ಬೆಳೆಯುವವರಿಗೆ ಇದು ಬೋನಸ್ಸು. ನಿಮ್ಮ ಬೆಳೆಗೆ ಯಾವುದು ಬೇಕು, ಅಂದಿನ ಬೆಲೆಯಲ್ಲಿ ಯಾವುದು ಅಗ್ಗ ಎಂಬುದನ್ನು ಹೀಗೆ ಮೂರು ಸಾಲಿನ ಲೆಕ್ಕದಿಂದ ತಿಳಿಯಬಹುದು. "ನಾವು ಯಾವಾಗಲೂ ಡಿಎಪಿಯೇ" ಎನ್ನುವವರು ಡಿಎಪಿ ಸಿಗದ ವರ್ಷ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ಲೆಕ್ಕ ಬಲ್ಲವರು ಸೂಪರ್ ಫಾಸ್ಫೇಟನ್ನೂ ಕೊಂಚ ಯೂರಿಯಾವನ್ನೂ ತಂದು ಬಿತ್ತನೆ ಮುಗಿಸುತ್ತಾರೆ.

ಹನಿ ನೀರಾವರಿಯವರು ಕೊಳ್ಳುವ, ನೀರಿನಲ್ಲಿ ಕರಗುವ 19:19:19 ಗೊಬ್ಬರಕ್ಕೆ ಇಂದಿಗೂ ಹತ್ತಾರು ಮಾರ್ಕುಗಳಿವೆ, ಬೆಲೆಯೂ ಬೇರೆ ಬೇರೆ. ಎರಡು ಪೊಟ್ಟಣಗಳ ಮೇಲೂ ಅದೇ ಅಂಕಿಗಳಿದ್ದು ಎರಡೂ ಚೆನ್ನಾಗಿ ಕರಗುವುದಾದರೆ, ಹೆಚ್ಚು ಕೊಟ್ಟ ಹಣ ಹೆಸರಿಗೆ ಹೋಯಿತೆಂದೇ ತಿಳಿಯಿರಿ.

ಮಾರ್ಕು ಬದಲಾಯಿತು, ಮದ್ದು ಬದಲಾಗಲಿಲ್ಲ

ಗೊಬ್ಬರಕ್ಕಿಂತ ಹೆಚ್ಚಿನ ಗೊಂದಲವಿರುವುದು ಕೀಟನಾಶಕ, ರೋಗನಾಶಕಗಳಲ್ಲಿ. ಗೊಬ್ಬರದಲ್ಲಿ ಹೆಸರುಗಳು ಕಡಿಮೆಯಾದವು. ಮದ್ದಿನ ಬಾಟಲಿಗಳಲ್ಲಿ ವರ್ಷ ವರ್ಷವೂ ಹೆಚ್ಚುತ್ತಿವೆ. ನಮ್ಮ ಹಳ್ಳಿಗಳಲ್ಲಿ ಡೈಮೆಥೊಯೇಟ್ ಎಂದರೆ ಯಾರಿಗೂ ತಿಳಿಯದು, ರೋಗರ್ ಎಂದರೆ ಎಲ್ಲರಿಗೂ ಗೊತ್ತು. ಕಾರ್ಬೆಂಡಜಿಮ್ ಎನ್ನುವವರಿಲ್ಲ, ಬಾವಿಸ್ಟಿನ್ ಎನ್ನುತ್ತಾರೆ. ಆದರೆ ಒಂದೇ ಮದ್ದನ್ನು ಹಲವು ಕಂಪನಿಗಳು ಹಲವು ಹೆಸರಿನಲ್ಲಿ ಮಾರುತ್ತವೆ ಎಂಬುದನ್ನು ಮರೆಯಬಾರದು. ದೊಡ್ಡ ಅಕ್ಷರದ ಹೆಸರು ಕಂಪನಿ ಇಟ್ಟದ್ದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವುದೇ ಮದ್ದಿನ ನಿಜವಾದ ಹೆಸರು.

ಮೆಣಸಿನಕಾಯಿ ಬೆಳೆದ ಒಬ್ಬ ಯುವಕ ರೈತ ಸಂಪರ್ಕ ಕೇಂದ್ರಕ್ಕೆ ಮುಟುರಿದ ಎಲೆಗಳನ್ನು ತಂದು ತೋರಿಸಿದ. "ಸಾರ್, ಮೂರ್ ಥರ ಮದ್ ಹೊಡ್ದೆ, ನುಸಿ ಸಾಯ್ಲೇ ಇಲ್ಲ" ಎಂದ. ಖಾಲಿ ಬಾಟಲಿಗಳನ್ನು ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣ. ಸಣ್ಣ ಅಕ್ಷರವನ್ನು ಅವನಿಂದಲೇ ಓದಿಸಿದೆ. ಮೂರರಲ್ಲಿಯೂ ಇಮಿಡಾಕ್ಲೊಪ್ರಿಡ್ 17.8 ಎಸ್‌ಎಲ್! ಅವನು ಸಾವಿರಾರು ರೂಪಾಯಿ ಕೊಟ್ಟು ಮಾರ್ಕನ್ನು ಮೂರು ಸಲ ಬದಲಾಯಿಸಿದ್ದ, ಮದ್ದನ್ನು ಒಂದು ಸಲವೂ ಬದಲಾಯಿಸಿರಲಿಲ್ಲ.

ಒಂದೇ ಮದ್ದನ್ನು ಮತ್ತೆ ಮತ್ತೆ ಹೊಡೆದರೆ, ಅದನ್ನು ತಾಳಿಕೊಳ್ಳಬಲ್ಲ ಕೆಲವೇ ಕೀಟಗಳು ಉಳಿದು ಅವುಗಳ ಸಂತತಿಯೇ ಹೊಲ ತುಂಬುತ್ತದೆ. ಭತ್ತದ ಕಂದು ಜಿಗಿಹುಳು ಈ ಮದ್ದಿಗೆ ಹೀಗೆಯೇ ಒಗ್ಗಿಕೊಂಡಿತು. ಆದುದರಿಂದ ಮದ್ದು ಬದಲಾಯಿಸುವಾಗ ಸಣ್ಣ ಅಕ್ಷರದ ಹೆಸರು ಬದಲಾಗಬೇಕು. ಅದೂ ಬೇರೆ ಗುಂಪಿಗೆ ಸೇರಿದ ಮದ್ದಾಗಿರಬೇಕು. ಗುಂಪು ಯಾವುದೆಂದು ತಿಳಿಯದಿದ್ದರೆ ನಮ್ಮನ್ನು ಕೇಳಿರಿ.

ಇದರಲ್ಲಿ ನಮ್ಮ ತಪ್ಪೂ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಸಭೆಗಳಲ್ಲಿ ಕಂಪನಿಯ ಹೆಸರನ್ನೇ ಹೇಳಿಬಿಡುತ್ತಿದ್ದೆ, ಜನಕ್ಕೆ ಬೇಗ ತಿಳಿಯಲಿ ಎಂದು. ಒಮ್ಮೆ ಒಬ್ಬ ತಾಯಿ ನಾನು ಹೇಳಿದ ಹೆಸರನ್ನು ಹಿಡಿದು ಮೂರು ಅಂಗಡಿ ಅಲೆದು, ಸಿಗದೆ, ಟೊಮೆಟೊಗೆ ಮದ್ದು ಹೊಡೆಯದೆ ಬಿಟ್ಟರು. ಅದೇ ಮದ್ದು ಮೊದಲನೆಯ ಅಂಗಡಿಯಲ್ಲಿಯೇ ಬೇರೆ ಹೆಸರಿನಲ್ಲಿತ್ತು. ಅಂದಿನಿಂದ ಮದ್ದಿನ ನಿಜ ಹೆಸರನ್ನು ಚೀಟಿಯಲ್ಲಿ ಬರೆದುಕೊಡುವುದನ್ನು ರೂಢಿ ಮಾಡಿಕೊಂಡೆ. ನೀವೂ ಹೀಗೆ ಬರೆಸಿಕೊಳ್ಳಿರಿ.

ಶೇಕಡಾವಾರು ಪ್ರಮಾಣವನ್ನೂ ನೋಡಬೇಕು. ಈಗ ಹೇಳಿದ ಮದ್ದೇ ನೂರಕ್ಕೆ 70 ಪಾಲಿನ ಹರಳಿನ ರೂಪದಲ್ಲಿಯೂ ಬರುತ್ತದೆ. ಅದು 17.8ರ ದ್ರಾವಣಕ್ಕಿಂತ ಸುಮಾರು ನಾಲ್ಕು ಪಟ್ಟು ಗಟ್ಟಿ. ಹೆಸರು ಒಂದೇ ಎಂದು ಅದೇ ಅಳತೆಯಲ್ಲಿ ಕಲಸಿದರೆ ಹಣವೂ ಹೋಯಿತು, ಜೇನುಹುಳುಗಳೂ ಹೋದವು. ಹಾಗೆಯೇ ಮ್ಯಾಂಕೊಜೆಬ್ 75 ಪಾಲಿನ ಪುಡಿ ಒಂದಾದರೆ, ಕಾರ್ಬೆಂಡಜಿಮ್ 12 ಮತ್ತು ಮ್ಯಾಂಕೊಜೆಬ್ 63 ಸೇರಿದ ಪುಡಿ ಇನ್ನೊಂದು. ಇವೆರಡನ್ನೂ "ಎರಡು ಮದ್ದು" ಎಂದು ಒಟ್ಟಿಗೆ ಹೊಡೆಯುವವರು ಒಂದೇ ಮದ್ದಿಗೆ ಎರಡು ಸಲ ಹಣ ತೆರುತ್ತಾರೆ.

ಆಸ್ಪತ್ರೆಯ ಬಾಗಿಲಲ್ಲಿ

ಹೆಸರಿನ ಮೇಲಿನ ಕುರುಡು ನಂಬಿಕೆ ಹಣದ ನಷ್ಟಕ್ಕೇ ನಿಲ್ಲುವುದಿಲ್ಲ. ಕೆಲವು ವರ್ಷಗಳ ಹಿಂದೆ, ಬೆಳಗಿನಿಂದ ಮದ್ದು ಹೊಡೆದಿದ್ದ ಒಬ್ಬರು ಸಂಜೆ ತಲೆ ಸುತ್ತಿ ಬಿದ್ದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಊರಿನವರು ಕೂಡಲೇ ಆಸ್ಪತ್ರೆಗೆ ಕರೆತಂದರು. ಯಾವ ಮದ್ದು ಎಂದು ವೈದ್ಯರು ಕೇಳಿದಾಗ ಮನೆಯವರು ಹೇಳಿದ್ದು ಮಾರ್ಕಿನ ಹೆಸರು ಮಾತ್ರ. ಆ ಹೆಸರಿನಲ್ಲಿ ಅಂಗಡಿಗಳಲ್ಲಿ ಎರಡು ಬಗೆಯ ಬಾಟಲಿಗಳಿದ್ದವು. ಹೆಸರಿನ ಮುಂದೆ ಒಂದು ಬಾಲ ಸೇರಿಸಿದ್ದಷ್ಟೇ ವ್ಯತ್ಯಾಸ, ಒಳಗಿನ ಮದ್ದು ಬೇರೆ. ಮಗ ರಾತ್ರಿಯಲ್ಲಿ ಮೋಟಾರು ಬೈಕಿನಲ್ಲಿ ಹೊಲಕ್ಕೆ ಹೋಗಿ, ಟಾರ್ಚು ಬಿಟ್ಟು ಬದುವಿನಲ್ಲಿ ಹುಡುಕಿ ಬಾಟಲಿ ತಂದ. ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಆರಂಭಿಸಿದ್ದರು. ಬಾಟಲಿ ಬಂದ ಮೇಲೆ ಯಾವ ವಿಷವೆಂಬುದು ಖಚಿತವಾಯಿತು. ದೇವರು ದೊಡ್ಡವನು, ಅವರು ಬದುಕಿದರು.

ಆರ್ಗನೊಫಾಸ್ಫೇಟ್ ಗುಂಪಿನ ವಿಷಕ್ಕೆ ವೈದ್ಯರು ಅಟ್ರೊಪಿನ್ ಕೊಡುತ್ತಾರೆ. ಎಲ್ಲ ವಿಷಕ್ಕೂ ಅದೇ ಮದ್ದಲ್ಲ. ಕೆಲವು ವಿಷಗಳಿಗೆ ನಿರ್ದಿಷ್ಟ ಪ್ರತಿಮದ್ದೇ ಇಲ್ಲ. ಆದುದರಿಂದ ಯಾರಿಗಾದರೂ ಹೀಗಾದರೆ ಮೈಮೇಲಿನ ಬಟ್ಟೆ ತೆಗೆದು, ಸಾಬೂನು ನೀರಿನಿಂದ ತೊಳೆದು, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಸಾಗಿಸಿರಿ. ಬಾಟಲಿ ಅಥವಾ ಅದರ ಚೀಟಿ ರೋಗಿಯ ಜೊತೆಯಲ್ಲಿಯೇ ಹೋಗಬೇಕು. ಡಬ್ಬದೊಳಗೆ ಮಡಚಿಟ್ಟಿರುವ ಕರಪತ್ರವನ್ನು ಎಸೆಯಬೇಡಿರಿ. ಪ್ರಮಾಣವೂ ಎಚ್ಚರಿಕೆಯೂ ಚಿಕಿತ್ಸೆಯ ಮಾಹಿತಿಯೂ ಅದರಲ್ಲಿಯೇ ಇರುತ್ತವೆ.

ಡಬ್ಬದ ಮೇಲಿನ ಬಣ್ಣದ ಗುರುತನ್ನೂ ಕಲಿಯಿರಿ. ಕೆಂಪು ಅತ್ಯಂತ ವಿಷಕಾರಿ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. "ಕೆಂಪಿನದ್ದೇ ಕೊಡಿ, ಹುಳ ಬೇಗ ಸಾಯ್ತವೆ" ಎಂದು ಕೇಳುವವರಿದ್ದಾರೆ. ಇದು ದೊಡ್ಡ ತಪ್ಪು. ಆ ಬಣ್ಣ ಹೇಳುವುದು ಮನುಷ್ಯನಿಗೆ ಎಷ್ಟು ಅಪಾಯ ಎಂಬುದನ್ನು, ಹುಳುವಿಗೆ ಎಷ್ಟು ಎಂಬುದನ್ನಲ್ಲ.

ಬೀಜದಲ್ಲಿ ಹೆಸರಿಗೆ ಬೆಲೆಯಿದೆ, ಆದರೆ...

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೆ ಎಂದು ನೀವು ಕೇಳಬಹುದು. ಬೀಜದಲ್ಲಿ ಇದೆ. ರಾಗಿಯ ಜಿಪಿಯು-28 ಎಂದರೆ ಒಂದು ನಿರ್ದಿಷ್ಟ ತಳಿ, ಅದರ ಗುಣ ಅದಕ್ಕೇ. ಮುಸುಕಿನ ಜೋಳದ ಒಂದು ಸಂಕರಣ ನಿಮ್ಮ ನೆಲದಲ್ಲಿ ಮೂರು ವರ್ಷ ಚೆನ್ನಾಗಿ ಬಂದಿದ್ದರೆ ಅದನ್ನು ನೆಚ್ಚುವುದರಲ್ಲಿ ಅರ್ಥವಿದೆ. ಏಕೆಂದರೆ ಇಲ್ಲಿ ನಿಮ್ಮ ಹೊಲವೇ ಪರೀಕ್ಷೆ ಮಾಡಿದೆ.

ಆದರೆ ನಕಲಿ ಮಾಲು ಮಾಡುವವರೂ ಇದನ್ನು ಬಲ್ಲರು. ಯಾರೂ ಕೇಳದ ಹೆಸರಿನಲ್ಲಿ ಅವರು ನಕಲಿ ಮಾಡುವುದಿಲ್ಲ. ನೀವು ಕಣ್ಣು ಮುಚ್ಚಿ ಕೊಳ್ಳುವ ಹೆಸರನ್ನೇ ಆರಿಸುತ್ತಾರೆ. ಅದರಿಂದ ಹಳೆಯ ಹೆಸರಾದರೂ ಪ್ರತಿ ವರ್ಷ ಹೊಸದಾಗಿ ಪರೀಕ್ಷಿಸಬೇಕು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಚೀಲದ ಹೊಲಿಗೆ, ಲಾಟ್ ನಂಬರು, ಪರೀಕ್ಷೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ನೋಡಿರಿ. ಬಿತ್ತನೆಗೆ ವಾರ ಹತ್ತು ದಿನ ಮುಂಚೆ ನೂರು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿರಿ. ರಾಗಿಯಾದರೆ ಕನಿಷ್ಠ 75, ಭತ್ತವಾದರೆ ಕನಿಷ್ಠ 80 ಮೊಳೆಯಬೇಕು. ಬಿತ್ತಿದ ಮೇಲೆ ಚೀಲ, ಚೀಟಿ ಮತ್ತು ಒಂದು ಹಿಡಿ ಬೀಜವನ್ನು ಸುಗ್ಗಿಯವರೆಗೆ ಜೋಪಾನವಾಗಿಡಿರಿ.

ಎಲ್ಲಕ್ಕಿಂತ ಮುಖ್ಯವಾದುದು ರಸೀದಿ. "ಪರಿಚಯದ ಅಂಗಡಿ, ರಸೀದಿ ಏಕೆ" ಎನ್ನಬೇಡಿರಿ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೀಜ ಕೊಂಡ ರೈತನೂ ಗ್ರಾಹಕನೇ, ಬೀಜ ಕಳಪೆಯಾದರೆ ಗ್ರಾಹಕರ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು ಎಂದು ತೀರ್ಪು ಕೊಟ್ಟಿದೆ. ಆದರೆ ಕೊಂಡದ್ದಕ್ಕೆ ಪುರಾವೆಯೇ ಇಲ್ಲದಿದ್ದರೆ ಕೇಳುವುದು ಹೇಗೆ?

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. "ನಮ್ಮ ಮಾರ್ಕು" ಎಂದು ನಾವು ಹೇಳಿಕೊಳ್ಳುವುದು ಎಷ್ಟೋ ಸಲ ಸಾಲ ಕೊಡುವ ಅಂಗಡಿಯವರ ಮಾರ್ಕು. ಕಳೆದ ವರ್ಷದ ಬಾಕಿ ಇರುವುದರಿಂದ ಅವರು ಕೊಟ್ಟದ್ದನ್ನು ತಲೆಬಗ್ಗಿಸಿ ತರುತ್ತೇವೆ. ನಾಲ್ಕು ವರ್ಷವಾದ ಮೇಲೆ ಅದೇ ನಂಬಿಕೆಯಾಗುತ್ತದೆ. ಸಾಲದಲ್ಲಿ ತಂದರೂ ಕೇಳುವ ಹಕ್ಕು ನಿಮ್ಮದೇ. ಅಂಗಡಿಯವರೂ ನಿಮ್ಮಂತೆ ಬಾಳಬೇಕಾದವರು. ಮರ್ಯಾದೆಯಿಂದ ಕೇಳಿದರೆ ಹೇಳುತ್ತಾರೆ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಇದರಲ್ಲಿ ಏನಿದೆ? ಗೊಬ್ಬರವಾದರೆ ಮೂರು ಅಂಕಿ, ಮದ್ದಾದರೆ ಸಣ್ಣ ಅಕ್ಷರದ ಹೆಸರು, ಬೀಜವಾದರೆ ತಳಿ.

2. ಎಷ್ಟಿದೆ? ಶೇಕಡಾ ಎಷ್ಟು, ನಿವ್ವಳ ತೂಕವೆಷ್ಟು?

3. ಇದೇ ಸತ್ತ್ವ ಬೇರೆ ಮಾರ್ಕಿನಲ್ಲಿದೆಯೇ, ಬೆಲೆ ಎಷ್ಟು?

4. ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ಬ್ಯಾಚು ಅಥವಾ ಲಾಟ್ ನಂಬರು ಯಾವುದು?

5. ಈ ನಂಬರು ಬರೆದ ರಸೀದಿ ಎಲ್ಲಿ?

ಈ ಪ್ರಶ್ನೆಗಳನ್ನು ಮನೆಯ ಸಾಮಾನಿಗೂ ಕೇಳಬಹುದು. ಮೈಗೆ ಹಚ್ಚುವ ಮೊದಲ ದರ್ಜೆಯ ಸಾಬೂನಿನಲ್ಲಿ ಕೊಬ್ಬಿನಾಂಶ ನೂರಕ್ಕೆ 76ಕ್ಕೆ ಕಡಿಮೆಯಿರಬಾರದು. ಟಿಎಫ್‌ಎಂ ಎಂಬ ಅಕ್ಷರದ ಮುಂದೆ ಅದನ್ನು ಬರೆದಿರುತ್ತಾರೆ. ನಿಮ್ಮ ಮನೆಯ ಸಾಬೂನಿನ ಹೊದಿಕೆಯನ್ನು ಇಂದೇ ತಿರುಗಿಸಿ ನೋಡಿರಿ. ತೂಕವನ್ನೂ ನೋಡಿರಿ, ಬೆಲೆ ಏರಿಸದೆ ತೂಕ ಇಳಿಸುವುದು ಹಳೆಯ ವಿದ್ಯೆ.

ಇನ್ನೂ ನಂಬಿಕೆ ಬಾರದವರಿಗೆ ಒಂದು ಸಲಹೆ. ಈ ಮುಂಗಾರಿನಲ್ಲಿ ಒಂದೇ ಹೊಲದ ಒಂದು ಪಟ್ಟೆಗೆ ನಿಮ್ಮ ಮೆಚ್ಚಿನ ಮಾರ್ಕಿನ ಗೊಬ್ಬರವನ್ನೂ, ಪಕ್ಕದ ಪಟ್ಟೆಗೆ ಅದೇ ಅಂಕಿಗಳ ಬೇರೆ ಮಾರ್ಕಿನ ಗೊಬ್ಬರವನ್ನೂ ಒಂದೇ ದಿನ, ಒಂದೇ ಅಳತೆಯಲ್ಲಿ ಹಾಕಿರಿ. ಗೂಟ ನೆಟ್ಟು ಗುರುತು ಮಾಡಿರಿ. ಸುಗ್ಗಿಯಲ್ಲಿ ಎರಡನ್ನೂ ಬೇರೆ ಬೇರೆ ಒಕ್ಕಿ ತೂಗಿರಿ. ನನ್ನ ಮಾತನ್ನಾಗಲಿ ಅಂಗಡಿಯವರ ಮಾತನ್ನಾಗಲಿ ನಂಬಬೇಕಾಗಿಲ್ಲ, ತಕ್ಕಡಿಯನ್ನು ನಂಬಿರಿ.

ನೀವು ದಿನ ಬೆಳಗಾದರೆ ಡೇರಿಗೆ ಹಾಲು ಹಾಕುತ್ತೀರಿ. ಅಲ್ಲಿ ಯಾರೂ ನಿಮ್ಮ ಮನೆತನದ ಹೆಸರು ನೋಡಿ ಹಣ ಕೊಡುವುದಿಲ್ಲ. ಹಾಲನ್ನು ಅಳೆದು, ಜಿಡ್ಡು ನೋಡಿ, ಅದಕ್ಕೆ ತಕ್ಕಂತೆ ದರ ಹಾಕುತ್ತಾರೆ. ನೀವು ಮಾರುವಾಗ ಜಗತ್ತು ನಿಮ್ಮ ಮಾಲಿನ ಸತ್ತ್ವ ನೋಡುತ್ತದೆ. ನೀವು ಕೊಳ್ಳುವಾಗ ಹೆಸರನ್ನಷ್ಟೇ ನೋಡಿ ಹಣ ಎಣಿಸುವುದು ಯಾವ ನ್ಯಾಯ?

ವಾಚನಾಲಯದಲ್ಲಿ ಕುಳಿತು ಇದನ್ನು ಓದುತ್ತಿರುವವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ನೆರೆಯಲ್ಲಿ ಸಣ್ಣ ಅಕ್ಷರ ಓದಲಾಗದ ಹಿರಿಯರಿದ್ದಾರೆ. ಈ ಸಲ ಅವರು ಗೊಬ್ಬರವನ್ನೋ ಮದ್ದನ್ನೋ ತಂದಾಗ, ಚೀಲ ಬಿಚ್ಚುವ ಮೊದಲು ಅದರ ಮೇಲಿನ ಬರಹವನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿರಿ.